ಅಸೈನ್‌ಮೆಂಟ್ ಎಲ್ಲ ಸರಿ ಇದೆ, "ಯಾಕೆ" ಅಂತ ಕೇಳಿದರೆ ಉತ್ತರ ಇಲ್ಲ. ನಿಮ್ಮ ಕಾಲೇಜಿನಲ್ಲೂ ಹೀಗೇನಾ?

ಲೆಡ್ಜರ್ ಮೇಡಂ, ಹಾವೇರಿ ಜಿಲ್ಲೆ (ಭಾನುವಾರ, ರಾತ್ರಿ 9:20)

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್ ಕಲಿಸುತ್ತೇನೆ. ಹದಿನಾಲ್ಕು ವರ್ಷ ಆಯಿತು. ಹೋದ ವಾರ ಕ್ಲಾಸಿನಲ್ಲಿ ನಡೆದದ್ದು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಓದಿ.

ಪ್ರೊಸೆಸ್ ಕಾಸ್ಟಿಂಗ್, ಅಂದರೆ ಸರಕು ತಯಾರಾಗುವ ಒಂದೊಂದು ಹಂತದ ಖರ್ಚು ಲೆಕ್ಕ ಹಾಕುವ ಪಾಠ ನಡೆದಿತ್ತು. ಪುಸ್ತಕದಲ್ಲಿ "ಎ ಪ್ರೊಸೆಸ್, ಬಿ ಪ್ರೊಸೆಸ್" ಅಂತ ಲೆಕ್ಕ ಇರುತ್ತದೆ. ನಮ್ಮ ಮಕ್ಕಳಿಗೆ ಅದು ಕಣ್ಣಿಗೆ ಕಟ್ಟುವುದಿಲ್ಲ. ಅದಕ್ಕೆ ಬ್ಯಾಡಗಿ ಕಡೆಯ ಖಾರಪುಡಿ ಗಿರಣಿ ಅಂತ ನಾನೇ ಒಂದು ಲೆಕ್ಕ ಮಾಡಿ ಕೊಟ್ಟೆ. 1000 ಕೆಜಿ ಒಣ ಮೆಣಸಿನಕಾಯಿ ಗಿರಣಿಗೆ ಹೋಯಿತು. ತೊಟ್ಟು, ತೇವ, ಧೂಳು ಅಂತ ನೂರಕ್ಕೆ 5 ಕೆಜಿ ಹೋಗುವುದು ಸಹಜ. ಹಾಗಾಗಿ 950 ಕೆಜಿ ಪುಡಿ ಬರಬೇಕು. ಬಂದದ್ದು 930. ಒಟ್ಟು ಖರ್ಚು 1,90,000 ರೂಪಾಯಿ. ತೊಟ್ಟು ಮಾರಿದರೆ ಏನೂ ಬರುವುದಿಲ್ಲ ಅಂತ ಇಟ್ಟುಕೊಳ್ಳಿ. ಹೆಚ್ಚಿಗೆ ಹೋದ 20 ಕೆಜಿಯ ನಷ್ಟ ಎಷ್ಟು?

1,90,000 ರೂಪಾಯಿಯನ್ನು 950ರಿಂದ ಭಾಗಿಸಿದರೆ ಕೆಜಿಗೆ 200. ಇಪ್ಪತ್ತು ಕೆಜಿಗೆ 4,000. ಇಷ್ಟೇ ಲೆಕ್ಕ.

ಮನೆಯಲ್ಲಿ ಮಾಡಿಕೊಂಡು ಬನ್ನಿ ಅಂದಿದ್ದೆ. ಬಹುತೇಕ ಎಲ್ಲರದ್ದೂ ಸರಿ ಇತ್ತು. ಸರಿ ಅಂದರೆ ಎಷ್ಟು ಸರಿ ಅಂತೀರಿ? ಒಂದೇ ತಲೆಬರಹ, ಒಂದೇ ಕ್ರಮ, ಕೊನೆಯ ಸಾಲು ಕೂಡ ಒಂದೇ. ಮೊಬೈಲಿನಲ್ಲಿ ಎಐಗೆ ಪ್ರಶ್ನೆ ಹಾಕಿ, ಬಂದದ್ದನ್ನು ಇಳಿಸಿಕೊಂಡಿದ್ದರು. ಅಕ್ಷರ ಮಾತ್ರ ಬೇರೆ ಬೇರೆ.

ಮುಂದಿನ ಬೆಂಚಿನ ಒಬ್ಬ ಹುಡುಗನನ್ನು ಎಬ್ಬಿಸಿ ಕೇಳಿದೆ, "ತಮ್ಮಾ, 950ರಿಂದ ಯಾಕೆ ಭಾಗಿಸಿದೆ? ಒಳಗೆ ಹೋಗಿದ್ದು 1000, ಬಂದಿದ್ದು 930. ಈ 950 ಎಲ್ಲಿಂದ ಬಂತು?" ಒಳ್ಳೆಯ ಹುಡುಗ, ದಿನಾ ಬರುತ್ತಾನೆ. ಸುಮ್ಮನೆ ನಿಂತ. ಅವನ ಕೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಹೋಯಿತು. ಮೊಬೈಲ್ ಇರುವ ಜೇಬು ಅದು. ಮುಟ್ಟಿ, ನನ್ನ ಮುಖ ನೋಡಿ, ಕೈ ಹಿಂದಕ್ಕೆ ತೆಗೆದ. ಬೈಯಬೇಕು ಅನ್ನಿಸಲಿಲ್ಲ, ಸಂಕಟ ಆಯಿತು.

ಆಗ ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು. ಆಕೆಯ ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. "ತೊಟ್ಟು ಹೋಗೋದು ಮೊದಲೇ ಗೊತ್ತಿರತದಲ್ಲರೀ ಮೇಡಂ. ಅದರ ಖರ್ಚು ಪುಡಿ ಮ್ಯಾಲೇ ಬೀಳಬೇಕು. ಮ್ಯಾಲಿನ ಇಪ್ಪತ್ತು ಕೆಜಿ ಎಲ್ಲಿ ಹೋತು ಅಂತ ಮಾಲಕರು ಕೇಳೇ ಕೇಳತಾರ." ಇಡೀ ಅಧ್ಯಾಯ ಎರಡು ಮಾತಿನಲ್ಲಿ ಮುಗಿಯಿತು.

ಆಮೇಲೆ ಆಕೆಯ ನೋಟ್‌ಬುಕ್ ತೆಗೆದು ನೋಡಿದೆ. ಮೊದಲು 1000ದಿಂದ ಭಾಗಿಸಿ ಕೆಜಿಗೆ 190 ಅಂತ ಬರೆದಿದ್ದಳು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 930ರಿಂದ ಶುರು ಮಾಡಿ, ಅದನ್ನೂ ಅರ್ಧಕ್ಕೆ ಬಿಟ್ಟು, ಕೆಳಗೆ 950 ಹಾಕಿದ್ದಳು. ಪುಟ ಗಲೀಜಾಗಿತ್ತು. ಇಷ್ಟು ವರ್ಷ ಇಂಥ ಪುಟಕ್ಕೆ ನಾನು ಚೊಕ್ಕತನದ ಅಂಕ ಕಡಿಮೆ ಮಾಡುತ್ತಿದ್ದೆ. ಆ ಎರಡು ಗೀಟುಗಳಲ್ಲೇ ಆಕೆ ಕಲಿತಿದ್ದಾಳೆ ಅಂತ ಅವತ್ತು ಗೊತ್ತಾಯಿತು.

ನಾನು ಮೊಬೈಲಿನ ವಿರೋಧಿ ಅಲ್ಲ. ನನಗೆ ಕಾಡುತ್ತಿರುವ ಪ್ರಶ್ನೆ ಇದು: ಉತ್ತರ ಕೈಗೆ ಬರುವ ಮೊದಲು ತಲೆ ಒದ್ದಾಡುವ ಸಮಯ ಇರುತ್ತಿತ್ತಲ್ಲ, ಆ ಸಮಯವೇ ಹೊರಟುಹೋಗುತ್ತಿದೆಯಾ? ಕಲಿಸುವವರು, ಕಲಿಯುವವರು, ತಂದೆತಾಯಿ ಎಲ್ಲರೂ ನಿಮ್ಮ ಅನುಭವ ಹೇಳಿ.

ಚಿಗರಿ ಬಸ್ಸಿನ ಓದು, ಹುಬ್ಬಳ್ಳಿ (ಭಾನುವಾರ, ರಾತ್ರಿ 10:05)

ಮೇಡಂ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಇನ್ನೊಂದು ಕಡೆಯನ್ನೂ ಹೇಳಲೇಬೇಕು.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿ ಹೇಗೋ ದಾಟಿದೆ. ಇಂಜಿನಿಯರಿಂಗ್ ಮೊದಲ ಸೆಮ್‌ನಲ್ಲಿ ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳುವುದು ಅರ್ಥವಾಗುವಷ್ಟರಲ್ಲಿ ಬೋರ್ಡ್ ಒರೆಸಿ ಆಗಿರುತ್ತಿತ್ತು. ಎದ್ದು ಕೇಳೋಕೆ ನಾಚಿಕೆ. ಎರಡು ವಿಷಯ ಬ್ಯಾಕ್ ಉಳಿದವು. ನನ್ನನ್ನು ಮೇಲೆತ್ತಿದ್ದು ಮೊಬೈಲೇ. ಐಐಟಿ 2016ರಲ್ಲಿ ಧಾರವಾಡಕ್ಕೇ ಬಂತು, ನನಗೆ ಸೀಟು ಸಿಗುವ ಮಾತಿರಲಿಲ್ಲ. ಆದರೆ ಎನ್‌ಪಿಟೆಲ್‌ನಲ್ಲಿ ಐಐಟಿ ಮೇಷ್ಟ್ರ ಪಾಠ ಪುಕ್ಕಟೆ ಸಿಗುತ್ತದೆ. ನಿಲ್ಲಿಸಿ, ಹಿಂದಕ್ಕೆ ಹೋಗಿ, ಒಂದೇ ಮಾತನ್ನು ನಾಲ್ಕು ಸಲ ಕೇಳಬಹುದು. ಯಾರೂ ನಗುವುದಿಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬರುವಾಗ ಒಂದೊಂದು ಪಾಠ ಮುಗಿಸಿದೆ.

ಆದರೆ ಸರ್ಟಿಫಿಕೇಟ್ ಬೇಕು ಅಂದರೆ ಸೆಂಟರಿಗೆ ಹೋಗಿ ಪರೀಕ್ಷೆ ಬರೆಯಬೇಕು. ವಾರ ವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಮೊದಲ ಸಲ ಅಸೈನ್‌ಮೆಂಟುಗಳ ಉತ್ತರ ಟೆಲಿಗ್ರಾಂ ಗ್ರೂಪಿನಲ್ಲಿ ಸಿಕ್ಕಿತು, ಹಾಕಿದೆ. 25ಕ್ಕೆ ಹತ್ತಿರ ಬಂತು. ಪರೀಕ್ಷೆಯಲ್ಲಿ ಫೇಲ್. ಎರಡನೇ ಸಲ ಗ್ರೂಪಿನಿಂದ ಹೊರಗೆ ಬಂದು ನಾನೇ ಮಾಡಿದೆ. ಅಸೈನ್‌ಮೆಂಟಿನಲ್ಲಿ ಕಡಿಮೆ ಬಂತು, ಪರೀಕ್ಷೆ ಪಾಸಾಯಿತು. ಅದೇ ಪಾಠ, ಅದೇ ಮೊಬೈಲ್.

ಗೆಸ್ಟ್ ಲೆಕ್ಚರರ್, ಗದಗ (ಸೋಮವಾರ, ಮುಂಜಾನೆ 6:50)

ಮೇಡಂ, ನಿಮ್ಮ ಪೋಸ್ಟ್ ಓದಿ ನಿದ್ದೆ ಬರಲಿಲ್ಲ. ನಾನೂ ಇದರಲ್ಲಿ ತಪ್ಪುಗಾರನೇ.

ಸೆಮಿಸ್ಟರ್ ಅಂದರೆ ಕೈಗೆ ಸಿಗುವ ದಿನ ಎಷ್ಟು ಅಂತ ನಿಮಗೇ ಗೊತ್ತು. ಅಡ್ಮಿಷನ್ ತಡ, ನಡುವೆ ಇಂಟರ್ನಲ್ಸ್, ಯೂತ್ ಫೆಸ್ಟಿವಲ್, ಹಬ್ಬ. ಸಿಲಬಸ್ ಮುಗಿಸಲೇಬೇಕು. ಹಾಗಾಗಿ ಪಿಪಿಟಿ ತೋರಿಸಿ, ಪಿಡಿಎಫ್ ಅನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ ಮುಂದಕ್ಕೆ ಹೋಗುತ್ತೇನೆ. ಮಕ್ಕಳಿಗೂ ಖುಷಿ, ನನಗೂ ಕೆಲಸ ಮುಗಿದ ಹಾಗೆ. ಬೋರ್ಡ್ ಮೇಲೆ ಬರೆದರೆ ಕೊನೆಗೆ ಎಲ್ಲರೂ ಎದ್ದು ಫೋಟೋ ಹೊಡೆಯುತ್ತಾರೆ. ಒಬ್ಬ ಹುಡುಗನ ಗ್ಯಾಲರಿ ನೋಡಿದೆ. ನನ್ನ ಬೋರ್ಡಿನ ಫೋಟೋ, ಅವರ ಊರ ಜಾತ್ರೆಯ ತೇರು, ಮತ್ತೆ ನನ್ನ ಬೋರ್ಡು, ಅವನ ತಂಗಿಯ ಮದುವೆ, ಮತ್ತೆ ಬೋರ್ಡು. ಒಂದನ್ನೂ ಮತ್ತೆ ತೆಗೆದು ನೋಡಿಲ್ಲ ಅಂತ ಅವನೇ ಹೇಳಿದ.

ಸ್ಮಾರ್ಟ್ ಬೋರ್ಡ್ ಇದೆ. ಅದರ ಮೇಲೆ ತೋರಿಸುವುದು ಅದೇ ಪಿಡಿಎಫ್. ತರಬೇತಿ ಕೊಟ್ಟವರು ಅದನ್ನು ಆನ್ ಮಾಡುವುದು ಕಲಿಸಿದರು. ಅದರಲ್ಲಿ ಮಕ್ಕಳಿಗೆ ಏನು ಕೆಲಸ ಕೊಡಬೇಕು ಅಂತ ಯಾರೂ ಹೇಳಲಿಲ್ಲ.

ಕಿವಿಯಿಂದ ಓದುವವಳು, ಧಾರವಾಡ (ಸೋಮವಾರ, ಬೆಳಿಗ್ಗೆ 11:30)

ಗದಗದ ಸರ್, ಬೋರ್ಡಿನ ಫೋಟೋ ಬಗ್ಗೆ ಹೇಳಿದಿರಲ್ಲ, ಅದರ ಬಗ್ಗೆ ನನ್ನದೂ ಒಂದು ಮಾತು ಇದೆ.

ನನಗೆ ಕಣ್ಣು ಕಾಣುವುದಿಲ್ಲ. ಎಂ.ಎ. ಮಾಡುತ್ತಿದ್ದೇನೆ. ಪರದೆ ಮೇಲಿರುವುದನ್ನು ಓದಿ ಹೇಳುವ ಮೊಬೈಲಿನ ಟಾಕ್‌ಬ್ಯಾಕ್, ಕಂಪ್ಯೂಟರಿನ ಎನ್‌ವಿಡಿಎ, ಇವೆರಡೂ ಇಲ್ಲದಿದ್ದರೆ ನಾನು ಈ ಹೊತ್ತಿಗೆ ಊರಲ್ಲೇ ಇರುತ್ತಿದ್ದೆ. ಪಿಯುಸಿವರೆಗೆ ಯಾರಾದರೂ ಓದಿ ಹೇಳಬೇಕಿತ್ತು. ಅವರಿಗೆ ಪುರುಸೊತ್ತು ಆದಾಗ ನನ್ನ ಓದು. ಈಗ ರಾತ್ರಿ ಎರಡು ಗಂಟೆಗೂ ನಾನೇ ಓದಬಲ್ಲೆ. ಈ ಖುಷಿ ಏನು ಅಂತ ಬರೆದು ತಿಳಿಸೋಕೆ ಆಗಲ್ಲ.

ಆದರೆ ಗ್ರೂಪಿಗೆ ಬರುವ ನೋಟ್ಸ್ ಹೆಚ್ಚಿನವು ನೋಟ್‌ಬುಕ್ ಪುಟದ ಫೋಟೋಗಳು. ಅದನ್ನೇ ಸೇರಿಸಿ ಪಿಡಿಎಫ್ ಮಾಡಿರುತ್ತಾರೆ. ನನ್ನ ಮೊಬೈಲ್ ಅದನ್ನು "ಚಿತ್ರ, ಚಿತ್ರ, ಚಿತ್ರ" ಅಂತ ಓದುತ್ತದೆ. ಕೆಲವರು ಟೈಪ್ ಮಾಡಿರುತ್ತಾರೆ, ಆದರೆ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ. ನೋಡುವವರಿಗೆ ಅದು ಕನ್ನಡ. ನನಗೆ ಕೇಳುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಒಂದು ಪರೀಕ್ಷೆಗೆ ಅರ್ಧ ಸಿಲಬಸ್ ಹೀಗೇ ತಪ್ಪಿಹೋಯಿತು.

ದಯವಿಟ್ಟು ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳಿಸಿ. ಆಗದಿದ್ದರೆ ಐದು ನಿಮಿಷ ಮಾತಾಡಿ ಆಡಿಯೋ ಹಾಕಿ. ನನ್ನ ಕ್ಲಾಸಿನ ಗೆಳತಿಯರು ಈಗ ಆಡಿಯೋ ಮಾಡಿ ಕಳಿಸುತ್ತಾರೆ. "ನಿನಗೆ ಹೇಳೋಕೆ ಹೋಗಿ ನಮಗೇ ತಿಳೀತು ಕಣೇ" ಅಂತಾರೆ.

ಮೆಣಸಿನಕಾಯಿ ರೈತ, ಬ್ಯಾಡಗಿ ತಾಲ್ಲೂಕು (ಸೋಮವಾರ, ರಾತ್ರಿ 8:15)

ಮೇಡಂ ಅವರೇ, ಗಿರಣಿ ಲೆಕ್ಕ ಓದಿ ಸಂತೋಷ ಆಯಿತು. ನಾನು ಓದಿದ್ದು ಏಳನೇ ಇಯತ್ತೆ. ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮಾಡುತ್ತಿದ್ದಾಳೆ.

2020ರಲ್ಲಿ ಸಾಲಿ ಬಂದ್ ಆದಾಗ ಮನೆಯಲ್ಲಿ ಒಂದೇ ದೊಡ್ಡ ಮೊಬೈಲ್, ಓದುವವರು ಮೂವರು. ನೆಟ್‌ವರ್ಕ್ ಗುಡಿ ಕಟ್ಟೆ ಮೇಲೆ ಮಾತ್ರ ಬರುತ್ತಿತ್ತು. ಒಬ್ಬರ ಕ್ಲಾಸ್ ನಡೆದಾಗ ಇನ್ನಿಬ್ಬರು ಪಕ್ಕದಲ್ಲಿ ಕಾಯುತ್ತಿದ್ದರು. ಅದನ್ನು ನೋಡಿ, ಆ ವರ್ಷ ಕಾಯಿ ಮಾರಿದ ರೊಕ್ಕದಲ್ಲಿ ದೊಡ್ಡವಳಿಗೆ ಬೇರೆ ಮೊಬೈಲ್ ಕೊಡಿಸಿದೆ. ಈಗ ಲ್ಯಾಪ್‌ಟಾಪ್ ಬೇಕು ಅಂತಿದ್ದಾಳೆ. ಕೊಡಿಸುವುದಕ್ಕೆ ಹಿಂಜರಿಕೆ ಇಲ್ಲ. ಆದರೆ ಮಗಳು ಓದುತ್ತಿದ್ದಾಳೋ, ಸುಮ್ನೆ ನೋಡುತ್ತಿದ್ದಾಳೋ ನನಗೆ ತಿಳಿಯುವುದು ಹೇಗೆ? ಮೊದಲು ಕೈಯಲ್ಲಿ ಪುಸ್ತಕ ಇದ್ದರೆ ಓದುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಈಗ ಎಲ್ಲಾದಕ್ಕೂ ಅದೇ ಮೊಬೈಲ್.

ಲೆಡ್ಜರ್ ಮೇಡಂ, ಹಾವೇರಿ ಜಿಲ್ಲೆ (ಸೋಮವಾರ, ರಾತ್ರಿ 9:00)

ಅಣ್ಣಾರ, ಲ್ಯಾಪ್‌ಟಾಪ್ ಕೊಡಿಸಿ, ಬಿ.ಎಸ್ಸಿ.ಗೆ ಬೇಕಾಗುತ್ತದೆ. ಓದುತ್ತಿದ್ದಾಳಾ ಅಂತ ತಿಳಿಯೋಕೆ ನನಗೆ ಗೊತ್ತಿರುವ ದಾರಿ ಒಂದೇ. ದಿನಾ ಸಂಜೆ ಫೋನ್ ಮಾಡುತ್ತೀರಲ್ಲ, ಊಟ ಆಯಿತಾ ಅಂತ ಕೇಳಿದ ಮೇಲೆ "ಇವತ್ತು ಕಲಿತದ್ದು ಒಂದನ್ನು ನನಗೆ ತಿಳಿಯುವ ಹಾಗೆ ಹೇಳವ್ವಾ" ಅನ್ನಿ. ನೀವು ಏಳನೇ ಇಯತ್ತೆ ಓದಿದ್ದೇ ಇದಕ್ಕೆ ಅನುಕೂಲ. ನಿಮಗೆ ತಿಳಿಯುವ ಹಾಗೆ ಹೇಳಬೇಕಾದರೆ ಆಕೆಗೆ ಚೆನ್ನಾಗಿ ತಿಳಿದಿರಬೇಕು.

ಧಾರವಾಡದ ತಂಗಿ, ನಿಮ್ಮ ಮಾತಿಗೆ ತಲೆಬಾಗುತ್ತೇನೆ. ನಾನೂ ನೋಟ್‌ಬುಕ್ ಪುಟದ ಫೋಟೋಗಳನ್ನೇ ಕಳಿಸುತ್ತಿದ್ದೆ. ಇನ್ನು ಮುಂದೆ ಯೂನಿಕೋಡಿನಲ್ಲೇ.

ಸಪ್ತಾಪುರ ರೂಮ್ (ಸೋಮವಾರ, ರಾತ್ರಿ 11:40)

ನಾನು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ರೂಮಿನಲ್ಲಿ ನಾಲ್ಕು ಜನ. ಮೊಬೈಲ್ ಪೂರ್ತಿ ಬಿಟ್ಟರೆ ಕರೆಂಟ್ ಅಫೇರ್ಸ್ ಸಿಗಲ್ಲ, ಟೆಸ್ಟ್ ಸಿಗಲ್ಲ. ಇಟ್ಟುಕೊಂಡರೆ ರೀಲ್ಸ್. ಈಗ ರಾತ್ರಿ ಎಂಟರಿಂದ ಹತ್ತು ನಾಲ್ಕೂ ಮೊಬೈಲ್ ಡಬ್ಬಿಯಲ್ಲಿ ಹಾಕಿ ಪಕ್ಕದ ರೂಮಿನವರಿಗೆ ಕೊಡುತ್ತೇವೆ. ಅವರದ್ದು ನಮ್ಮ ಹತ್ತಿರ. ಅಷ್ಟೇ ಹೇಳೋಕೆ ಬಂದೆ.

ಶಿಕ್ಷಣ ಶಾಸ್ತ್ರದ ವಿದ್ಯಾರ್ಥಿ, ಧಾರವಾಡ (ಮಂಗಳವಾರ, ಸಂಜೆ 5:30)

ನಾನು ಇದೇ ವಿಷಯದಲ್ಲಿ ಓದುತ್ತಿದ್ದೇನೆ, ಮೇಡಂ. ನಿಮ್ಮ "ಗಲೀಜು ಪುಟ" ನನಗೆ ತುಂಬಾ ಹಿಡಿಸಿತು. ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಒಂದು ಪ್ರಯೋಗ ಇದೆ. ಟರ್ಕಿಯಲ್ಲಿ ಸುಮಾರು ಸಾವಿರ ಹೈಸ್ಕೂಲ್ ಮಕ್ಕಳ ಮೇಲೆ ಗಣಿತದಲ್ಲಿ ಮಾಡಿದ್ದು, 2025ರಲ್ಲಿ ಪ್ರಕಟವಾಯಿತು. ಕೆಲವರಿಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ ಕೊಟ್ಟರು. ಕೆಲವರಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಎಐ. ಉಳಿದವರಿಗೆ ಪುಸ್ತಕ ಮತ್ತು ನೋಟ್ಸ್ ಮಾತ್ರ. ಅಭ್ಯಾಸ ಮಾಡುವಾಗ ಮೊದಲ ಗುಂಪಿನವರು ಪುಸ್ತಕದವರಿಗಿಂತ ಶೇ. 48ರಷ್ಟು ಮುಂದೆ. ಆಮೇಲೆ ಎಐ ತೆಗೆದು ಪರೀಕ್ಷೆ ಇಟ್ಟರು. ಆಗ ಅವರೇ ಶೇ. 17ರಷ್ಟು ಹಿಂದೆ ಬಿದ್ದರು. ಸುಳಿವಿನ ಗುಂಪು ಅಭ್ಯಾಸದಲ್ಲಿ ಅವರಿಗಿಂತಲೂ ಮುಂದಿತ್ತು, ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ.

ಅವರು ಹೈಸ್ಕೂಲ್ ಮಕ್ಕಳು, ನಮ್ಮವರು ಪದವಿಯವರು. ಹಾಗೇ ಎತ್ತಿ ಅಂಟಿಸಲು ಬರುವುದಿಲ್ಲ. ಆದರೂ ನಿಮ್ಮ ಮುಂದಿನ ಬೆಂಚಿನ ಹುಡುಗ ಈ ಲೆಕ್ಕದಲ್ಲಿ ಕಾಣುತ್ತಾನೆ ಅಲ್ವಾ?

ಇನ್ನೊಂದು ಹಳೆಯದು, 2006ರದ್ದು. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಪಾಠ ಕೊಟ್ಟರು. ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಂದು ಸಲ ಓದಿ, ಎರಡನೇ ಸಲ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ ಪಾಠವೇ ಸ್ವಲ್ಪ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಕೇಳಿದಾಗ ಎರಡು ಸಲ ಓದಿದ್ದರಲ್ಲಿ ನೆನಪಿದ್ದದ್ದು ಶೇ. 42, ಮುಚ್ಚಿ ಬರೆದಿದ್ದರಲ್ಲಿ ಶೇ. 56. ಪಿಡಿಎಫ್ ಅನ್ನು ಮತ್ತೆ ಮತ್ತೆ ಮೇಲೆ ಕೆಳಗೆ ತಳ್ಳುತ್ತಾ ಹೋದರೆ "ನನಗೆ ಎಲ್ಲ ಬರುತ್ತದೆ" ಅನ್ನಿಸುತ್ತದೆ. ಪರೀಕ್ಷೆ ಇರುವುದು ಐದು ನಿಮಿಷದ ನಂತರ ಅಲ್ಲವಲ್ಲ.

ಗದಗದ ಸರ್‌ಗೆ ಒಂದು ಮಾತು. ಕ್ಲಾಸಿನಲ್ಲಿ ಮಕ್ಕಳಿಂದಲೇ ಕೆಲಸ ಮಾಡಿಸಿದರೆ ಮೊದಲು ಅವರಿಂದಲೇ ದೂರು ಬರುತ್ತದೆ. ಹಾರ್ವರ್ಡ್‌ನ ಭೌತಶಾಸ್ತ್ರ ಕ್ಲಾಸಿನಲ್ಲಿ 2019ರಲ್ಲಿ ನೋಡಿದರು. ಗುಂಪು ಕೂತು ತಾವೇ ಬಿಡಿಸಿದ ಮಕ್ಕಳು ಜಾಸ್ತಿ ಕಲಿತಿದ್ದರು. ಆದರೆ "ಕಲಿತಿದ್ದು ಕಡಿಮೆ" ಅಂತ ಅವರಿಗೇ ಅನ್ನಿಸಿತ್ತು. ಚೆಂದದ ಪಿಪಿಟಿ ಪಾಠ ಕೇಳಿದವರಿಗೆ ತಿಳಿದ ಹಾಗೆ ಅನ್ನಿಸಿತ್ತು. ಹಾಗಾಗಿ ಮಕ್ಕಳು ಮೊದಲ ವಾರ ಗೊಣಗಿದರೆ ಕೈಬಿಡಬೇಡಿ.

ಗೆಸ್ಟ್ ಲೆಕ್ಚರರ್, ಗದಗ (ಮಂಗಳವಾರ, ರಾತ್ರಿ 9:10)

ಹಾಗಾದರೆ ಕ್ಲಾಸಿನಲ್ಲಿ ಮೊಬೈಲ್, ಲ್ಯಾಪ್‌ಟಾಪ್ ಬೇಡವೇ ಬೇಡ ಅನ್ನಬೇಕಾ? ಕೈಯಲ್ಲಿ ಬರೆದರೇ ತಲೆಗೆ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಶಿಕ್ಷಣ ಶಾಸ್ತ್ರದ ವಿದ್ಯಾರ್ಥಿ, ಧಾರವಾಡ (ಮಂಗಳವಾರ, ರಾತ್ರಿ 9:45)

ಕೈಬರಹದ ಮಾತು ಅಷ್ಟು ಗಟ್ಟಿ ಇಲ್ಲ, ಸರ್. 2014ರಲ್ಲಿ ಬಂದ ಒಂದು ಅಧ್ಯಯನ ತುಂಬಾ ಹೆಸರು ಮಾಡಿತು. ಲ್ಯಾಪ್‌ಟಾಪಿನಲ್ಲಿ ನೋಟ್ಸ್ ತೆಗೆಯುವವರು ಕೇಳಿದ್ದನ್ನು ಹಾಗೇ ಇಳಿಸುತ್ತಾರೆ, ಕೈಯಲ್ಲಿ ಬರೆಯುವವರು ಯೋಚಿಸಿ ಬರೆಯುತ್ತಾರೆ ಅಂತ. 2019ರಲ್ಲಿ, 2021ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಅಂಕದಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ.

ಗಮನ ಹರಿದುಹೋಗುವ ಮಾತು ಮಾತ್ರ ಗಟ್ಟಿ ಇದೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಅರ್ಥಶಾಸ್ತ್ರದ ಕ್ಲಾಸುಗಳನ್ನು ಮೂರು ಬಗೆ ಮಾಡಿದರು. ಒಂದರಲ್ಲಿ ಲ್ಯಾಪ್‌ಟಾಪ್, ಟ್ಯಾಬ್ ಎಲ್ಲಕ್ಕೂ ಅನುಮತಿ. ಒಂದರಲ್ಲಿ ಏನೂ ಇಲ್ಲ. ಇನ್ನೊಂದರಲ್ಲಿ ಟ್ಯಾಬ್ ಇರಬಹುದು, ಆದರೆ ಮೇಷ್ಟ್ರಿಗೆ ಕಾಣುವ ಹಾಗೆ ಮೇಜಿನ ಮೇಲೆ ಮಲಗಿಸಿ ಇಡಬೇಕು. ಅನುಮತಿ ಇದ್ದ ಎರಡೂ ಕಡೆ ಕೊನೆಯ ಪರೀಕ್ಷೆಯ ಅಂಕ ಕಡಿಮೆ ಬಂತು. ಅಲ್ಲಿ ಶಿಸ್ತಿಗೆ ಕೊರತೆ ಇಲ್ಲ ಅನ್ನುವುದು ನೆನಪಿರಲಿ. ಕಣ್ಣೆದುರು ತೆರೆದ ಪರದೆ ಇದ್ದರೆ ಯಾರಿಗೂ ಕಷ್ಟವೇ.

ಆದರೂ ಪೂರ್ತಿ ಬಂದ್ ಅಂದರೆ, ಮೇಲೆ ಬರೆದ ನಮ್ಮ ಗೆಳತಿಯ ಕಿವಿಯನ್ನೇ ಮುಚ್ಚಿದ ಹಾಗೆ. ಹಾಗೆ ಮಾಡಬಾರದು.

ಚಿಗರಿ ಬಸ್ಸಿನ ಓದು, ಹುಬ್ಬಳ್ಳಿ (ಬುಧವಾರ, ಮಧ್ಯಾಹ್ನ 1:20)

ಒಂದು ಸೇರಿಸುತ್ತೇನೆ. ಯುಜಿಸಿ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ವೇದಿಕೆಯಲ್ಲಿ ಓದಿ ಕ್ರೆಡಿಟ್ ಪಡೆಯಬಹುದು. ಹೀಗಿದ್ದ ಮೇಲೆ ಮೊಬೈಲಿನಲ್ಲಿ ಓದುವುದನ್ನೂ ಕಲಿಸಲೇಬೇಕು. ನಮಗೆ ಯಾರೂ ಕಲಿಸಿಲ್ಲ. ವಿಡಿಯೋ ನಡುವೆ ನಿಲ್ಲಿಸಿ "ಮುಂದಿನ ಸಾಲು ಏನು ಬರಬಹುದು" ಅಂತ ಬರೆದು ಆಮೇಲೆ ನೋಡು ಅಂತ ನನಗೆ ಹೇಳಿದ್ದು ನನ್ನ ಸೀನಿಯರ್ ಅಕ್ಕ ಒಬ್ಬರು. ಅಲ್ಲಿಂದಲೇ ನನ್ನ ಓದು ಬದಲಾಯಿತು.

ಲೆಡ್ಜರ್ ಮೇಡಂ, ಹಾವೇರಿ ಜಿಲ್ಲೆ (ಶನಿವಾರ, ಸಂಜೆ 6:30)

ನೀವೆಲ್ಲ ಹೇಳಿದ್ದನ್ನು ಇಟ್ಟುಕೊಂಡು ಈ ವಾರ ಮಾಡಿದ್ದನ್ನು ಹೇಳುತ್ತೇನೆ.

ಕ್ಲಾಸಿನ ಮೊದಲ ಹದಿನೈದು ನಿಮಿಷ ಮೊಬೈಲ್ ಬ್ಯಾಗಿನಲ್ಲಿ, ಪುಸ್ತಕ ಮುಚ್ಚಿ. ಗಿರಣಿಯ ಅದೇ ಲೆಕ್ಕ, ಅಂಕಿ ಮಾತ್ರ ಬೇರೆ. ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಬೇಕು, ತಪ್ಪಿದರೆ ಗೀಟು ಎಳೆಯಬೇಕು, ಅಳಿಸಬಾರದು. ಗೀಟಿಗೆ ಅಂಕ ಕಡಿಮೆ ಮಾಡಲ್ಲ ಅಂತ ಮಾತು ಕೊಟ್ಟೆ. ಆಮೇಲೆ ಮೊಬೈಲ್ ತೆಗೆಯಿರಿ, ಎಐಗೆ ಕೇಳಿ, ನಿಮ್ಮದರ ಪಕ್ಕ ಇಟ್ಟು ನೋಡಿ, ಎಲ್ಲಿ ಬೇರೆ ಆಯಿತು, ಯಾಕೆ ಅಂತ ಎರಡು ಸಾಲು ಬರೆಯಿರಿ ಅಂದೆ.

ಮೊದಲ ದಿನ ಬಹಳ ಜನ ಖಾಲಿ ಹಾಳೆ ಕೊಟ್ಟರು. ಒಬ್ಬಳು ಅತ್ತಳು. "ಮೇಡಂ ಏನೂ ಹೇಳಿಕೊಡದೆ ಕೂರಿಸುತ್ತಾರೆ" ಅಂತ ಮಾತೂ ಬಂತು. ಧಾರವಾಡದವರು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಮೂರನೇ ದಿನಕ್ಕೆ ಹಾಳೆಗಳು ತುಂಬಿಕೊಂಡವು. ಸರಿ ಉತ್ತರ ಇನ್ನೂ ಕಡಿಮೆಯೇ. ಗೀಟು ಜಾಸ್ತಿ.

ಪ್ರಶ್ನೆಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿಯೇ ಗ್ರೂಪಿಗೆ ಹಾಕಿದ್ದೇನೆ, ತಂಗಿ. ಯಾರಿಗಾದರೂ ಬೇಕಿದ್ದರೆ ಇಲ್ಲಿಯೂ ಹಾಕುತ್ತೇನೆ.

ನಿನ್ನೆ ಬೆಲ್ ಹೊಡೆದ ಮೇಲೆ ಆ ಮುಂದಿನ ಬೆಂಚಿನ ಹುಡುಗ ನನ್ನ ಹಿಂದೆಯೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದ. "ಮೇಡಂ, 950 ಬರಬೇಕಾದಲ್ಲಿ 960 ಬಂದರೆ? ಆಗ ಆ 10 ಕೆಜಿಗೆ ಏನು ಮಾಡೋದು?" ಪುಸ್ತಕದಲ್ಲಿ ಅದು ಮುಂದಿನ ಪಾಠ. ಅವನು ಅದನ್ನು ನೋಡಿರಲಿಲ್ಲ. ಉತ್ತರ ಬಾಯಿಗೆ ಬಂದಿತ್ತು, ಕಷ್ಟಪಟ್ಟು ತಡೆದೆ. ಸೋಮವಾರ ನೀನೇ ಹೇಳು ಅಂದಿದ್ದೇನೆ.

ಮೆಣಸಿನಕಾಯಿ ರೈತ, ಬ್ಯಾಡಗಿ ತಾಲ್ಲೂಕು (ಶನಿವಾರ, ರಾತ್ರಿ 8:40)

ಹತ್ತು ಕೆಜಿ ಹೆಚ್ಚಿಗೆ ಬಂದರೆ ಕಾಯಿ ಚೆನ್ನಾಗಿ ಒಣಗಿತ್ತು, ತೇವ ಕಡಿಮೆ ಇತ್ತು ಅಂತ ಅರ್ಥ. ಇಲ್ಲದಿದ್ದರೆ ತೂಕ ಮಾಡುವಾಗ ಎಲ್ಲೋ ತಪ್ಪಿದೆ, ಕಾಟಾ ಮತ್ತೆ ನೋಡಬೇಕು. ಲೆಕ್ಕದಲ್ಲಿ ಹೇಗೆ ಬರೆಯುತ್ತಾರೋ ನನಗೆ ಗೊತ್ತಿಲ್ಲ.

ಮಗಳಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. ಆಕೆಯದ್ದು ಕಾಮರ್ಸ್ ಅಲ್ಲ. ಆದರೂ "ತಡಿ ಅಪ್ಪಾ, ಹೇಳಬೇಡ" ಅಂದಳು. ಹಾಳೆ ತಗೊಂಡು ಕೂತಿದ್ದಾಳೆ. ಫೋನ್ ಇನ್ನೂ ಇಟ್ಟಿಲ್ಲ.